ಪ್ಯಾರಮೀಸಿಯಂನ ಪಂಪು ಎಣಿಸಿದ್ದು

ಪ್ಯಾರಮೀಸಿಯಂ ಅಂದರೆ ಸಿಹಿನೀರಿನ ಏಕಕೋಶ ಜೀವಿ. ಒಳಗೆ ನುಗ್ಗುವ ಹೆಚ್ಚುವರಿ ನೀರನ್ನು ಪಂಪಿನಂತೆ ಹೊರಹಾಕುವ ಅದರ ಗುಳ್ಳೆ, ಅಂದರೆ ಕಾಂಟ್ರಾಕ್ಟೈಲ್ ವ್ಯಾಕ್ಯೂಲ್, ಎಷ್ಟು ಸೆಕೆಂಡಿಗೊಮ್ಮೆ ನೀರು ಹೊರಹಾಕುತ್ತದೆ ಎಂದು ಫೋನ್ ಕ್ಯಾಮೆರಾದಲ್ಲೇ ಅಳೆಯುತ್ತೇನೆ ಅಂದಾಗ ಗೆಳೆಯರು ನಕ್ಕಿದ್ದರು. ನಿಲ್ಲದೆ ಓಡೋ ಜೀವಿಯದ್ದು ಏನು ಎಣಿಸ್ತೀಯಾ ಅಂತ. ಈಗ ಅವರೇ ವಿಡಿಯೋ ಕೇಳುತ್ತಿದ್ದಾರೆ.

ಮೊದಲ ತಿಂಗಳು ಪೂರ್ತಿ ದಂಡ. ಮೊದಲು ನೋಡಿದಾಗ 9 ಸೆಕೆಂಡಿಗೊಮ್ಮೆ. ಕಾಲು ಗಂಟೆ ಬಿಟ್ಟು ಅದೇ ಜೀವಿಯನ್ನು ನೋಡಿದರೆ 20. ನೀರಿಗೆ ನಾನೇನೂ ಸೇರಿಸಿರಲಿಲ್ಲ. ಕ್ಯಾಮೆರಾದ್ದೇ ತಪ್ಪು ಎಂದು ಫೋನನ್ನು ಸೂಕ್ಷ್ಮದರ್ಶಕಕ್ಕೆ ಜೋಡಿಸುವ ದುಬಾರಿ ಅಡಾಪ್ಟರ್ ತರಿಸಿದೆ. ಮತ್ತೆ ಅದೇ ಕಥೆ. ಕೊನೆಗೆ ಗೊತ್ತಾಯಿತು, ಹನಿಯ ಮೇಲೆ ಮುಚ್ಚುವ ತೆಳು ಗಾಜು, ಕವರ್‌ಸ್ಲಿಪ್, ಅದರ ಅಂಚಿನಿಂದ ನೀರು ಆರುತ್ತಿತ್ತು. ಹನಿಯಲ್ಲಿ ಲವಣ ಜಾಸ್ತಿಯಾದಂತೆ ಒಳಗೆ ನುಗ್ಗುವ ನೀರು ಕಮ್ಮಿ, ಪಂಪಿಗೆ ಕೆಲಸವೂ ಕಮ್ಮಿ. ನಾನು ಮಾಡಬೇಕಿದ್ದ ಪ್ರಯೋಗವನ್ನು ಹನಿಯೇ ಮಾಡಿಕೊಂಡಿತ್ತು! ಅಂಚಿಗೆ ವ್ಯಾಸಲೀನ್ ಸವರಿದೆ, ಸರಿಹೋಯಿತು. ಅಡಾಪ್ಟರ್ ಡಬ್ಬಿಯಲ್ಲೇ ಇದೆ.

ಓಟ ತಗ್ಗಿಸಲು ನೀರನ್ನು ಮಂದವಾಗಿಸುವ ಮೀಥೈಲ್ ಸೆಲ್ಯುಲೋಸ್ ಹಾಕುತ್ತೇನೆ. ಎಷ್ಟು, ಯಾವಾಗ ಹಾಕಬೇಕು ಅನ್ನೋದು ಮಾತ್ರ ಸದ್ಯಕ್ಕೆ ನನ್ನಲ್ಲೇ ಇರಲಿ.

ಸುತ್ತಲಿನ ನಾಳಗಳು ನಕ್ಷತ್ರದ ಹಾಗೆ ಉಬ್ಬುತ್ತವೆ, ನಡುವಿನ ಗುಳ್ಳೆ ತುಂಬುತ್ತದೆ, ಪಟ್ಟನೆ ಮಾಯ. ಆ ಮಾಯವಾಗುವ ಕ್ಷಣವನ್ನೇ ಎಣಿಸಬೇಕು. ಇಂಥ ವ್ಯಾಕ್ಯೂಲ್ ಎರಡಿರುತ್ತವೆ, ಮುಂತುದಿಯ ಕಡೆ ಒಂದು, ಹಿಂತುದಿಯ ಕಡೆ ಒಂದು. ಹಿಂತುದಿಯದ್ದು ಸಾಮಾನ್ಯವಾಗಿ ಚುರುಕು, ಎರಡನ್ನೂ ಬೆರೆಸಿ ಸರಾಸರಿ ತೆಗೆದರೆ ಕೆಟ್ಟಿತು.

ಆಮೇಲೆ ಹೊರಗಿನ ನೀರಿನ ಸಾಂದ್ರತೆ ಏರಿಸಿ ನೋಡಲು 100 ಮಿಲಿ ನೀರಿಗೆ ಒಂದೂಮುಕ್ಕಾಲು ಗ್ರಾಂ ಸಕ್ಕರೆ. ಕೆಲವೇ ನಿಮಿಷದಲ್ಲಿ ಹೆಚ್ಚಿನವು ಪಂಪು ನಿಲ್ಲಿಸಿದವು. ಸತ್ತವು ಅಂತ ಚೆಲ್ಲಲು ಹೊರಟಿದ್ದೆ, ಸೋಮಾರಿತನ ಕಾಪಾಡಿತು. ಮರುದಿನ ನೋಡಿದರೆ ಮತ್ತೆ ಬಡಿತ, ಅಂದಾಜು 20 ಸೆಕೆಂಡಿಗೊಮ್ಮೆ. ರಾತ್ರಿ ಕಳೆಯುವುದರೊಳಗೆ ಒಳಗಿನ ಸಾಂದ್ರತೆಯನ್ನೇ ಏರಿಸಿಕೊಂಡಿದ್ದವು. ನನ್ನ ಅರ್ಧ ದಿನದ ಅಳತೆಗೆ ಇದು ಸಿಗುತ್ತಲೇ ಇರಲಿಲ್ಲ. ಉಪ್ಪಿನಲ್ಲಿ ಮಾತ್ರ ನನಗೆ ಯಾವತ್ತೂ ಸರಿಬರಲಿಲ್ಲ, ಹೆಚ್ಚಿನವು ಸುಕ್ಕಿಹೋದವು.

ಸುಮ್ನೆ ಕುತೂಹಲಕ್ಕೆ ಡುನಾಲಿಯೆಲ್ಲಾ ಎಂಬ ಏಕಕೋಶ ಪಾಚಿಯನ್ನೂ ನೋಡಿದೆ. ಅದಕ್ಕೆ ಗಟ್ಟಿ ಗೋಡೆಯಿಲ್ಲ, ಉಪ್ಪುನೀರಿನಲ್ಲಿ ಗ್ಲಿಸರಾಲ್ ಹೆಚ್ಚು ಮಾಡಿಕೊಂಡು ಬದುಕುತ್ತದೆ. ಉಪ್ಪನ್ನು ಅರ್ಧಕ್ಕೆ ಇಳಿಸಿದಾಗ ಬಲೂನಿನಂತೆ ಉಬ್ಬಿತು, ಊಟ ಮುಗಿಸಿ ಬರುವಷ್ಟರಲ್ಲಿ ಸಣ್ಣಗಾಗಿತ್ತು.

ಇನ್ನೂ ಕೈಕೊಡುತ್ತಿರುವುದು ಅಮೀಬಾ. ಅದರದ್ದು ನಿಮಿಷಗಟ್ಟಲೆ ಕಾಯಿಸುವ ಪಂಪು. ನಿನ್ನೆ ಐದು ನಿಮಿಷ ಕಣ್ಣು ನೆಟ್ಟು ಕೂತಿದ್ದೆ. ಫೋಕಸ್ ತಿರುಗಿಸಲು ಕೈ ಚಾಚಿದೆ, ಅಷ್ಟರಲ್ಲಿ ಖಾಲಿ.