ಗ್ರಹದಿಂದ ಉಪಗ್ರಹಕ್ಕೆ ಎಷ್ಟು ಬಿಸಿ, ಎಷ್ಟು ಬೆಳಕು: ಲೆಕ್ಕ ಹಾಕುವ ಕ್ರಮ

ಗ್ರಹವೊಂದು ತನ್ನನ್ನು ಸುತ್ತುವ ಉಪಗ್ರಹಕ್ಕೆ ಸೂರ್ಯನ ಬದಲು ಬಿಸಿಯನ್ನೂ ಬೆಳಕನ್ನೂ ಒದಗಿಸಬಲ್ಲದೇ ಎಂಬ ಪ್ರಶ್ನೆಗೆ ಊಹೆಯಿಂದ ಉತ್ತರಿಸಬೇಕಾಗಿಲ್ಲ. ಪಿಯುಸಿ ಮಟ್ಟದ ಭೌತಶಾಸ್ತ್ರ ತಿಳಿದವರು ಒಂದೇ ಹಾಳೆಯಲ್ಲಿ ಲೆಕ್ಕ ಹಾಕಿ ನೋಡಬಹುದು. ಮಾದರಿಗಾಗಿ ಗುರು ಗ್ರಹವನ್ನೂ ಅದರ ಉಪಗ್ರಹ ಅಯೋವನ್ನೂ ತೆಗೆದುಕೊಳ್ಳೋಣ. ಬಾಹ್ಯಾಕಾಶ ನೌಕೆಗಳು ಹತ್ತಿರದಿಂದ ಅಳೆದಿರುವ ಜೋಡಿ ಇದು.

ಮೊದಲು ಗ್ರಹ ತಾನಾಗಿ ಸೂಸುವ ಶಾಖವನ್ನು ಕಂಡುಕೊಳ್ಳಿ. ಗುರು ಇಂದಿಗೂ ನಿಧಾನವಾಗಿ ಕುಗ್ಗುತ್ತಾ ತಣಿಯುತ್ತಿರುವುದರಿಂದ, ಸೂರ್ಯನಿಂದ ಹೀರಿಕೊಳ್ಳುವುದಕ್ಕಿಂತ ಹೆಚ್ಚು ಶಕ್ತಿಯನ್ನು ಹೊರಸೂಸುತ್ತದೆ. ಆದರೂ ಅದರ ಪರಿಣಾಮಕ ಉಷ್ಣತೆ (ಹೊರಸೂಸುವ ಒಟ್ಟು ಶಾಖದಿಂದ ಲೆಕ್ಕ ಹಾಕಿದ ಉಷ್ಣತೆ) ಸುಮಾರು 125 ಕೆಲ್ವಿನ್, ಅಂದರೆ ಸೊನ್ನೆಗಿಂತ 148 ಡಿಗ್ರಿ ಸೆಲ್ಸಿಯಸ್ ಕೆಳಗೆ. ಉಷ್ಣತೆಯಿಂದ ಹೊರಸೂಸುವ ಶಾಖವನ್ನು ಕಂಡುಕೊಳ್ಳುವ ಸ್ಟೆಫಾನ್-ಬೋಲ್ಟ್ಸ್‌ಮನ್ ನಿಯಮದಲ್ಲಿ ಈ ಸಂಖ್ಯೆಯನ್ನು ಹಾಕಿದರೆ ಚದರ ಮೀಟರಿಗೆ ಸುಮಾರು 14 ವ್ಯಾಟ್ ಬರುತ್ತದೆ. ಇದು ಗುರುವಿನ ಮೇಲ್ಮೈಯಲ್ಲಿ ಸಿಗುವ ಪ್ರಮಾಣ, ಅಯೋವನ್ನು ಮುಟ್ಟುವುದೆಷ್ಟು ಎಂದು ತಿಳಿಯಲು ಗ್ರಹದ ತ್ರಿಜ್ಯವನ್ನು (ಸುಮಾರು 70,000 ಕಿ.ಮೀ.) ಅಯೋದ ದೂರದಿಂದ (ಸುಮಾರು 4,22,000 ಕಿ.ಮೀ.) ಭಾಗಿಸಿ, ಬಂದ ಭಾಗಲಬ್ಧದ ವರ್ಗದಿಂದ ಗುಣಿಸಬೇಕು. ದೂರವನ್ನು ಗ್ರಹದ ಕೇಂದ್ರದಿಂದ ಅಳೆಯಬೇಕೇ ಹೊರತು ಮೋಡಗಳ ಮೇಲಿನಿಂದಲ್ಲ. ಉತ್ತರ 0.4 ವ್ಯಾಟ್‌ಗೂ ಕಡಿಮೆ. ಅಷ್ಟು ದೂರದ ಸೂರ್ಯನೇ ಅಲ್ಲಿ ಚದರ ಮೀಟರಿಗೆ ಸುಮಾರು 50 ವ್ಯಾಟ್ ಕೊಡುತ್ತಾನೆ.

ಬೆಳಕಿನ ಮಾತು ಬೇರೆ. 125 ಕೆಲ್ವಿನ್‌ನ ವಸ್ತು ಮುಖ್ಯವಾಗಿ 23 ಮೈಕ್ರೋಮೀಟರ್ ಆಸುಪಾಸಿನ ಅವಕೆಂಪು ಕಿರಣಗಳನ್ನು ಸೂಸುತ್ತದೆ, ಅವು ಕಣ್ಣಿಗೆ ಕಾಣುವುದಿಲ್ಲ; ಮಂದ ಕೆಂಪಾಗಿಯಾದರೂ ಹೊಳೆಯಲು ಸುಮಾರು 800 ಕೆಲ್ವಿನ್ ಬೇಕು. ಆದರೆ ಗುರು ತನ್ನ ಮೇಲೆ ಬೀಳುವ ಸೂರ್ಯನ ಬೆಳಕಿನಲ್ಲಿ ಅರ್ಧದಷ್ಟನ್ನು ಹಿಂದಕ್ಕೆ ಕಳಿಸುತ್ತದೆ. ಆ ಪಾಲನ್ನು ಇದೇ ದೂರದ ಲೆಕ್ಕಕ್ಕೆ ಒಳಪಡಿಸಿದರೆ, ಪೂರ್ಣಗುರು ಕಾಣುವ ಅಯೋದ ರಾತ್ರಿಯಲ್ಲಿ 50ರಿಂದ 70 ಲಕ್ಸ್ (ಬೆಳಕಿನ ಪ್ರಮಾಣದ ಅಳತೆ) ಬೆಳಕಿರುತ್ತದೆ. ನಮ್ಮ ಹುಣ್ಣಿಮೆಯ ಬೆಳಕು ಸುಮಾರು ಕಾಲು ಲಕ್ಸ್ ಮಾತ್ರ. ಪುಸ್ತಕ ಓದಲು ಸಾಲುವಷ್ಟು ಬೆಳಕು ಇದು, ಆದರೆ ಸೂರ್ಯನಿಂದ ಎರವಲು ಪಡೆದ ಬೆಳಕು. ಸೂರ್ಯನಿಲ್ಲದಿದ್ದರೆ ಇದೂ ಇಲ್ಲ.

ಇಲ್ಲಿಗೆ ನಿಲ್ಲಿಸಿದರೆ ಗ್ರಹದ ಸೆಳೆತದಿಂದ ಹುಟ್ಟುವ ನಿಜವಾದ ಶಾಖವೇ ಲೆಕ್ಕದಿಂದ ಜಾರಿಹೋಗುತ್ತದೆ. ಅಯೋ ಮತ್ತು ಗುರುವಿನ ಇತರ ಉಪಗ್ರಹಗಳಾದ ಯುರೋಪಾ, ಗ್ಯಾನಿಮೀಡ್‌ಗಳ ಪರಿಭ್ರಮಣ ಕಾಲಗಳು 1:2:4ರ ಅನುಪಾತದಲ್ಲಿರುವುದರಿಂದ ಅವು ಪರಸ್ಪರ ಎಳೆದಾಡುತ್ತವೆ, ಹೀಗಾಗಿ ಅಯೋದ ಕಕ್ಷೆ ಎಂದೂ ಪೂರ್ಣ ವೃತ್ತವಾಗುವುದಿಲ್ಲ. ಗುರುವಿನ ಹತ್ತಿರ ಬಂದಾಗ ಹೆಚ್ಚು, ದೂರ ಸರಿದಾಗ ಕಡಿಮೆ ಸೆಳೆತಕ್ಕೆ ಸಿಕ್ಕುವ ಅದರ ಒಡಲು, ಹಿಂದೆ ಮುಂದೆ ಬಾಗಿಸಿದ ತಂತಿ ಬಿಸಿಯೇರುವ ಹಾಗೆ, ಒಳಗಿನಿಂದ ಕಾಯುತ್ತದೆ. ವಿಜ್ಞಾನಿಗಳಾದ ಸ್ಟಾಂಟನ್ ಪೀಲ್, ಪ್ಯಾಟ್ರಿಕ್ ಕ್ಯಾಸನ್ ಮತ್ತು ರೇ ರೆನಾಲ್ಡ್ಸ್ 1979ರಲ್ಲಿ ಈ ಲೆಕ್ಕವನ್ನು ಪ್ರಕಟಿಸಿದ ಕೆಲವೇ ದಿನಗಳಲ್ಲಿ ವಾಯೇಜರ್-1 ನೌಕೆಯ ಚಿತ್ರದಲ್ಲಿ ನಾಸಾದ ಎಂಜಿನಿಯರ್ ಲಿಂಡಾ ಮೊರಾಬಿಟೊ ಅಯೋದ ಜ್ವಾಲಾಮುಖಿಯ ಚಿಲುಮೆಯನ್ನು ಗುರುತಿಸಿದರು. ಲೆಕ್ಕವೊಂದು ಇಷ್ಟು ಬೇಗ ಕಣ್ಣೆದುರು ನಿಜವಾದದ್ದು ಖಗೋಳವಿಜ್ಞಾನದ ಅತ್ಯಂತ ಸುಂದರ ಘಟನೆಗಳಲ್ಲೊಂದು ಎಂದೇ ನನ್ನ ಭಾವನೆ. ಅಯೋದಿಂದ ಹೊರಬರುವ ಶಾಖ ಚದರ ಮೀಟರಿಗೆ ಸುಮಾರು 2.5 ವ್ಯಾಟ್: ಗುರುವಿನ ವಿಕಿರಣದಿಂದ ಸಿಗುವುದರ ಆರು ಪಟ್ಟಿಗೂ ಹೆಚ್ಚು. ಆದ್ದರಿಂದ ಯಾವುದೇ ಉಪಗ್ರಹದ ಲೆಕ್ಕದಲ್ಲಿ, ಕಕ್ಷೆಯನ್ನು ವೃತ್ತವಾಗಲು ಬಿಡದ ನೆರೆಯ ಉಪಗ್ರಹಗಳಿವೆಯೇ ಎಂಬುದನ್ನು ತಪ್ಪದೆ ನೋಡಿ.

ಕೊನೆಗೆ, ಗ್ರಹವೇ ಕೆಂಡದಷ್ಟು ಬಿಸಿಯಿದ್ದರೆ ಏನಾಗುತ್ತದೆ ಎಂದೂ ಪರಿಶೀಲಿಸಿ. ಸೌರವ್ಯೂಹದ ಹೊರಗಿನ ಬೀಟಾ ಪಿಕ್ಟೋರಿಸ್ ಬಿ ಎಂಬ ಎಳೆಯ ದೈತ್ಯಗ್ರಹದ ಉಷ್ಣತೆ ಸುಮಾರು 1700 ಕೆಲ್ವಿನ್. ಆ ಗ್ರಹದ ತ್ರಿಜ್ಯವನ್ನು ಹಾಕಿ ಮೇಲಿನ ಸೂತ್ರವನ್ನೇ ತಿರುಗಿಸಿ ಬಳಸಿದರೆ, ಅದರ ಕೇಂದ್ರದಿಂದ ಹತ್ತೊಂಬತ್ತು ಲಕ್ಷ ಕಿ.ಮೀ. ದೂರದಲ್ಲಿ, ಅಂದರೆ ಗುರುವಿನಿಂದ ಅದರ ಉಪಗ್ರಹ ಕ್ಯಾಲಿಸ್ಟೊ ಇರುವಷ್ಟೇ ದೂರದಲ್ಲಿ, ಭೂಮಿಗೆ ಸೂರ್ಯನಿಂದ ಸಿಗುವಷ್ಟೇ ಶಕ್ತಿ ಸಿಗುತ್ತದೆ. ಬಹುಪಾಲು ಅವಕೆಂಪು, ಉಳಿದದ್ದು ಕೆಂಪು ಛಾಯೆಯ ಬೆಳಕು. ಆದರೆ ಆ ಗ್ರಹಕ್ಕೆ ಸುಮಾರು ಎರಡು ಕೋಟಿ ವರ್ಷ ವಯಸ್ಸಷ್ಟೇ. ನಕ್ಷತ್ರಗಳಿಗೆ ಶಾಖ ಕೊಡುವ ಹೈಡ್ರೋಜನ್ ಸಮ್ಮಿಳನ ಸ್ಥಿರವಾಗಿ ನಡೆಯಲು ಗುರುವಿನ 75ರಿಂದ 80 ಪಟ್ಟು ರಾಶಿ ಬೇಕಾಗುವುದರಿಂದ, ಗ್ರಹಗಳು ಹುಟ್ಟಿನಲ್ಲಿ ಪಡೆದ ಬಿಸಿಯನ್ನು ಕಳೆದುಕೊಳ್ಳುತ್ತಲೇ ಹೋಗುತ್ತವೆ. ಹಾಗಾಗಿ ಉಷ್ಣತೆಯ ಪಕ್ಕದಲ್ಲಿ ಗ್ರಹದ ವಯಸ್ಸನ್ನೂ ಬರೆದುಕೊಳ್ಳಿ: ಗುರುವೂ ಒಮ್ಮೆ ಬಹಳ ಬಿಸಿಯಾಗಿತ್ತು, 125 ಕೆಲ್ವಿನ್ ಎಂಬುದು ಸುಮಾರು 450 ಕೋಟಿ ವರ್ಷ ತಣಿದ ನಂತರದ ಸಂಖ್ಯೆ.