ಎರಡು ವರ್ಷಕ್ಕೊಮ್ಮೆ ಖಾಲಿಯಾಗುವ ಕರಾಟೆ ತರಗತಿ

ಮಲೆನಾಡಿನ ನಮ್ಮ ವಿಶ್ವವಿದ್ಯಾಲಯಕ್ಕೆ ನಾನು ಸಂಶೋಧನಾ ವಿದ್ಯಾರ್ಥಿಯಾಗಿ ಸೇರಿದಾಗ ಅಲ್ಲಿ ಕರಾಟೆ ಸಂಘವಿರಲಿಲ್ಲ. ಶಟಲ್ ಆಡುವ ಒಳಾಂಗಣ ಬೆಳಿಗ್ಗೆ ಆರರಿಂದ ಖಾಲಿ ಇರುತ್ತಿತ್ತು. ಅರ್ಜಿ ಕೊಟ್ಟೆ. ದೈಹಿಕ ಶಿಕ್ಷಣದ ಮೇಷ್ಟ್ರು ಅದನ್ನು ಓದಿ, “ವಾರ್ಷಿಕೋತ್ಸವದಲ್ಲಿ ಹೆಂಚು ಒಡೆದು ತೋರಿಸುತ್ತೀಯೇನಪ್ಪಾ?” ಎಂದರು. ಇಲ್ಲ ಸಾರ್, ಕತಾ (ಎದುರಾಳಿಯಿಲ್ಲದೆ ಮಾಡುವ ನಿಗದಿತ ಪಟ್ಟುಗಳ ಸರಣಿ) ಮಾಡಿ ತೋರಿಸುತ್ತೇವೆ ಎಂದೆ. ಮುಖ ಸಪ್ಪಗಾದರೂ ಸಹಿ ಹಾಕಿದರು. ಕರಾಟೆ ಎಂದರೆ ಮಂಗಳೂರು ಹೆಂಚಿನ ಮೇಲಿನ ಸೇಡು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿಯೇ ಬೇರೂರಿದೆ.

ಬೆಳಗಿನ ಹೊತ್ತನ್ನು ಆರಿಸಿಕೊಂಡದ್ದರಿಂದ ಹುಡುಗಿಯರು ಬಂದರು. ಸಂಜೆಯಾಗಿದ್ದರೆ ಹಾಸ್ಟೆಲ್ ಬಾಗಿಲು ಹಾಕುವ ಸಮಯವೇ ಅವರನ್ನು ತಡೆಯುತ್ತಿತ್ತು. ಸಮವಸ್ತ್ರವನ್ನು ಮೊದಲ ಸೆಮಿಸ್ಟರಿನಲ್ಲಿ ಕಡ್ಡಾಯ ಮಾಡಲಿಲ್ಲ, ಟ್ರ್ಯಾಕ್ ಪ್ಯಾಂಟು ಸಾಕು.

ಕಷ್ಟವಿದ್ದದ್ದು ಬೇರೆ ಕಡೆ. ಎಂ.ಎ., ಎಂ.ಎಸ್ಸಿ. ವಿದ್ಯಾರ್ಥಿಗಳು ಇರುವುದೇ ಎರಡು ವರ್ಷ. ಕಪ್ಪು ಬೆಲ್ಟಿಗೆ ಅಷ್ಟು ಸಾಲದು. ಕೈಕಾಲು ಪಳಗುವ ಹೊತ್ತಿಗೆ ಹೊರಟುಬಿಡುತ್ತಾರೆ. ಇದಕ್ಕೆ ದಾರಿ ನಾವು ಕಲಿಯುವ ಕರಾಟೆ ಶೈಲಿಯಾದ ಶೊಟೊಕಾನ್‌ನ ಚರಿತ್ರೆಯಲ್ಲೇ ಇತ್ತು. ಅದರ ಸ್ಥಾಪಕ ಗಿಚಿನ್ ಫುನಾಕೋಶಿ 1922ರಲ್ಲಿ ಜಪಾನಿನ ಒಕಿನಾವಾ ದ್ವೀಪದಿಂದ ಟೋಕಿಯೊಗೆ ಬಂದು ಅಲ್ಲೇ ನೆಲೆಸಿದರು. 1924ರಲ್ಲಿ ಅವರ ಮಾರ್ಗದರ್ಶನದಲ್ಲಿ ಕೇಯೊ ವಿಶ್ವವಿದ್ಯಾಲಯದ ಕರಾಟೆ ಸಂಘ ಶುರುವಾಯಿತು. ಆಮೇಲೆ ಬೇರೆ ವಿಶ್ವವಿದ್ಯಾಲಯಗಳಿಗೂ ಹಬ್ಬಿತು. ಅಂಥ ಸಂಘಗಳಲ್ಲಿ ಕಿರಿಯರನ್ನು ತಿದ್ದುವುದು ಹಿರಿಯ ವಿದ್ಯಾರ್ಥಿಗಳ ಹೊಣೆ. ನಾನೂ ಅದನ್ನೇ ಹಿಡಿದೆ: ಎರಡನೆಯ ವರ್ಷಕ್ಕೆ ಬಂದವರು, ಬೆಲ್ಟು ಯಾವುದೇ ಇರಲಿ, ಹೊಸಬರಿಗೆ ಕಲಿಸಲೇಬೇಕು.

ಗ್ಯಾಕು ಜುಕಿಯನ್ನೇ ನೋಡಿ. ಎಡಗಾಲು ಮುಂದಿಟ್ಟು ಬಲಗೈಯಿಂದ ಗುದ್ದುವುದು. ಹೊಸಬರೆಲ್ಲ ಭುಜದಿಂದ ಗುದ್ದುತ್ತಾರೆ. ಮೊದಲು ತಿರುಗಬೇಕಾದದ್ದು ಸೊಂಟ. ಭೌತಶಾಸ್ತ್ರದ ಹುಡುಗಿಯೊಬ್ಬಳು ತನ್ನ ಹಳದಿ ಬೆಲ್ಟು ಬಿಚ್ಚಿ ಹೊಸಬನ ಸೊಂಟಕ್ಕೆ ಮುಂದಿನಿಂದ ಬಳಸಿ, ಎರಡೂ ತುದಿಗಳನ್ನು ಹಿಂದಿನಿಂದ ಬಿಗಿಯಾಗಿ ಹಿಡಿದಳು. “ಕೈ ಮರೆತುಬಿಡು, ಸೊಂಟದಿಂದ ನನ್ನನ್ನು ಎಳೆ” ಎಂದಳು. ಅವನು ಎಳೆದ, ಹಿಂಗಾಲಿನ ಹಿಮ್ಮಡಿ ಮೇಲೆದ್ದು ಬಲವೆಲ್ಲ ಸೋರಿಹೋಯಿತು. “ಹಿಮ್ಮಡಿ ಊರು” ಎಂದು ಗದರಿದವಳು ಮರುಗಳಿಗೆ ತನ್ನ ಕಾಲನ್ನೇ ಬಗ್ಗಿ ನೋಡಿಕೊಂಡಳು. ನಾನು ತಿಂಗಳುಗಟ್ಟಲೆ ಹೇಳಿದ್ದ ದೋಷ ಅದು. ಆ ವಾರವೇ ಸರಿಹೋಯಿತು.

ಈ ಏರ್ಪಾಟಿಗೆ ಬೆಲೆಯೂ ಇದೆ. ಕಲಿಸುವವರ ಕೊರತೆಗಳು ಹೊಸಬರಿಗೂ ದಾಟುತ್ತವೆ. ಹಾಗಾಗಿ ಬೆಲ್ಟ್ ಪರೀಕ್ಷೆಗೆ ಹೊರಗಿನ ಪರೀಕ್ಷಕರನ್ನೇ ಕರೆಸುತ್ತೇನೆ. ಅವರು ದಾಕ್ಷಿಣ್ಯವಿಲ್ಲದೆ ಅನುತ್ತೀರ್ಣ ಮಾಡುತ್ತಾರೆ, ನನಗೆ ಅದೇ ಬೇಕು.

ಈಗ ಅಂತರ ವಿಶ್ವವಿದ್ಯಾಲಯ ಪಂದ್ಯಗಳಿಗೆ ಹೋಗುವ ಹುಡುಗರಿಗೆ ಸಂಜೆ ಪ್ರತ್ಯೇಕ ಅಭ್ಯಾಸವಿದೆ. ತಲೆಗೆ ತಾಗುವ ಒದೆತಕ್ಕೆ ಮೂರು ಅಂಕ, ಗುದ್ದಿಗೆ ಒಂದೇ ಎಂದು ತಿಳಿದ ಮೇಲೆ ಅವರಿಗೆ ಒದೆಯುವುದೊಂದೇ ಧ್ಯಾನ. ಹೊಸಬರಿಗೆ ಗುದ್ದು ಕಲಿಸುವ ಬೆಳಗಿನ ಪಾಳಿಯನ್ನು ಅಂಥವರಿಗೇ ಹಾಕುತ್ತೇನೆ.