ರ‍್ಯಾಕೆಟ್ ಆರಿಸುವಾಗ ಹಿಡಿಯಿಂದ ಶುರು ಮಾಡಿ

ಬ್ಯಾಡ್ಮಿಂಟನ್ ರ‍್ಯಾಕೆಟ್ ಕೊಳ್ಳಲು ಹೋದವರು ಮಾಡುವ ಮೊದಲ ಕೆಲಸ ಒಂದೇ. ಕೈಗೆತ್ತಿಕೊಂಡು ಗಾಳಿಯಲ್ಲಿ ನಾಲ್ಕು ಸಲ ಬೀಸುತ್ತಾರೆ. ‘ಸುಂಯ್’ ಅಂತ ಸದ್ದು ಬಂದರೆ ಮನಸ್ಸು ಸೋತಿತು ಅಂತಲೇ ಲೆಕ್ಕ. ಆದರೆ ಗಾಳಿಯಲ್ಲಿ ಬೀಸಿದರೆ ಎಲ್ಲ ರ‍್ಯಾಕೆಟ್ಟೂ ಚೆನ್ನಾಗಿಯೇ ಇರುತ್ತದೆ. ಅಲ್ಲಿ ಶಟಲ್ ಇಲ್ಲ, ಸುಸ್ತೂ ಇಲ್ಲ. ಮ್ಯಾಚಿನಲ್ಲಿ ಅಪರೂಪಕ್ಕೆ ಹೊಡೆಯುವ ಹೊಡೆತವನ್ನು ಅಭ್ಯಾಸದಲ್ಲಿ ಒಂದೇ ಸಮ ನೂರು ಸಲ ಹೊಡೆಯುತ್ತೀರಿ ಅಲ್ವಾ? ಹಾಗಾಗಿ ಅಭ್ಯಾಸದ ರ‍್ಯಾಕೆಟ್‌ಗೆ ನಿಜವಾದ ಪರೀಕ್ಷೆ ನಡೆಯುವುದು ಮುಕ್ಕಾಲು ಗಂಟೆ ಆಡಿ ಭುಜ ಸೋತ ಮೇಲೆ. ಆಗಲೂ ಅದು ಕೈ ಹೇಳಿದಂತೆ ಕೇಳುತ್ತದೆಯೇ ಅನ್ನುವುದೇ ಪ್ರಶ್ನೆ.

ಮೊದಲು ಹಿಡಿ

ಎಲ್ಲರೂ ತೂಕ ಕೇಳುತ್ತಾರೆ. ನಾನು ಹಿಡಿಯ ದಪ್ಪ ಕೇಳಿ ಅನ್ನುತ್ತೇನೆ. ಯೋನೆಕ್ಸ್ ರ‍್ಯಾಕೆಟ್‌ಗಳ ಮೇಲೆ ಜಿ4, ಜಿ5, ಜಿ6 ಎಂದು ಬರೆದಿರುತ್ತದೆ. ಅಂಕಿ ದೊಡ್ಡದಾದಷ್ಟೂ ಹಿಡಿ ಸಣ್ಣ. ಬೇರೆ ಕಂಪನಿಗಳ ಗುರುತು ಬೇರೆ ಥರ ಇರಬಹುದು, ಅದಕ್ಕೇ ಅಂಕಿಗಿಂತ ಕೈಯನ್ನು ನಂಬಿ.

ಯಾರಿಗೋ ಕೈ ಕುಲುಕುವ ಹಾಗೆ ಸಡಿಲವಾಗಿ ಹಿಡಿಯಿರಿ. ಈಗ ಹೆಬ್ಬೆರಳು ಮತ್ತು ತೋರುಬೆರಳಿನಿಂದಲೇ ಫೋರ್‌ಹ್ಯಾಂಡ್‌ನಿಂದ ಬ್ಯಾಕ್‌ಹ್ಯಾಂಡ್‌ಗೆ ತಿರುಗಿಸಿ ನೋಡಿ. ಹಿಡಿ ದಪ್ಪವಾಗಿದ್ದರೆ ಬೆರಳುಗಳಿಗೆ ತಿರುಗಿಸಲು ಜಾಗವೇ ಸಿಗುವುದಿಲ್ಲ. ತೀರಾ ಸಣ್ಣದಾದರೆ ಜಾರುವ ಭಯಕ್ಕೆ ಬಿಗಿಯಾಗಿ ಹಿಡಿಯುತ್ತೀರಿ, ಮುಂಗೈ ಬೇಗ ನೋಯುತ್ತದೆ. ಎರಡರ ನಡುವೆ ಅನುಮಾನ ಬಂದರೆ ಸಣ್ಣದನ್ನೇ ತೆಗೆದುಕೊಳ್ಳಿ. ಮೇಲೆ ಒಂದು ಓವರ್‌ಗ್ರಿಪ್ ಪಟ್ಟಿ ಸುತ್ತಿದರೆ ದಪ್ಪ ಆಗುತ್ತದೆ. ದಪ್ಪಗಿರುವ ಮರದ ಹಿಡಿಯನ್ನು ಕೆತ್ತಲು ಆಗುವುದಿಲ್ಲವಲ್ಲ! ಅಂಗೈ ಜಾಸ್ತಿ ಬೆವರುವವರಿಗೆ ಟವೆಲ್ ಗ್ರಿಪ್ ಒಳ್ಳೆಯದು, ಆದರೆ ಅದನ್ನು ಆಗಾಗ ಬದಲಿಸಬೇಕು.

ತೂಕ ಮತ್ತು ಸಮತೋಲ

ತೂಕವನ್ನು ‘ಯು’ ಲೆಕ್ಕದಲ್ಲಿ ಬರೆಯುತ್ತಾರೆ. 3ಯು ಅಂದರೆ 85ರಿಂದ 89 ಗ್ರಾಂ, 4ಯು ಅಂದರೆ 80ರಿಂದ 84, 5ಯು ಅಂದರೆ 75ರಿಂದ 79. ಭಾರ ಇದ್ದರೆ ಹೊಡೆತಕ್ಕೆ ಜೋರು ಬರುತ್ತದೆ ಎಂದು ತುಂಬಾ ಜನ ನಂಬಿದ್ದಾರೆ. ಶಟಲ್‌ನ ತೂಕವೇ 5 ಗ್ರಾಂ ಆಸುಪಾಸು. ಅದನ್ನು ದೂರ ಕಳಿಸಲು ಭಾರಕ್ಕಿಂತ ಬೀಸಿನ ವೇಗ ಮುಖ್ಯ. ಭಾರದ ರ‍್ಯಾಕೆಟ್ ಮೊದಲ ಹತ್ತು ನಿಮಿಷ ಜೋರಾಗಿ ಹೊಡೆಯುತ್ತದೆ, ಆಮೇಲೆ ನೀವೇ ನಿಧಾನವಾಗುತ್ತೀರಿ. ಕಲಿಯುವ ಹೆಚ್ಚಿನವರಿಗೆ 4ಯು ಸಾಕು.

ಮಣಿಕಟ್ಟು ಗಟ್ಟಿಯಾಗಲಿ ಎಂದು ನೂರು ಗ್ರಾಂಗೂ ಮೀರಿದ ‘ಟ್ರೇನಿಂಗ್ ರ‍್ಯಾಕೆಟ್’ ಬರುತ್ತದೆ. ಅದು ಶಟಲ್ ಇಲ್ಲದೆ ಸುಮ್ನೆ ಬೀಸಿ ಅಭ್ಯಾಸ ಮಾಡಲು ಮಾತ್ರ. ಹೆಸರು ನೋಡಿ ಮೋಸಹೋಗಬೇಡಿ.

ಒಂದೇ ತೂಕದ ಎರಡು ರ‍್ಯಾಕೆಟ್ ಕೈಯಲ್ಲಿ ಬೇರೆಬೇರೆ ಅನ್ನಿಸುವುದುಂಟು. ಭಾರ ಎಲ್ಲಿ ಕೂತಿದೆ ಅನ್ನುವುದೇ ಅದಕ್ಕೆ ಕಾರಣ. ಒಂದು ಬೆರಳಿನ ಮೇಲೆ ರ‍್ಯಾಕೆಟ್ಟನ್ನು ಅಡ್ಡಲಾಗಿ ನಿಲ್ಲಿಸಿ. ಯಾವ ಕಡೆಗೂ ವಾಲದ ಜಾಗ ಸಿಕ್ಕಿದ ಮೇಲೆ ಹಿಡಿಯ ತುದಿಯಿಂದ ಅಲ್ಲಿಗೆ ಅಳೆಯಿರಿ. ಸುಮಾರು 285ರಿಂದ 295 ಮಿಲಿಮೀಟರ್ ಬಂದರೆ ಸಮತೂಕ. ಅದಕ್ಕಿಂತ ಹೆಚ್ಚಾದರೆ ಹೆಡ್ ಹೆವಿ, ಅಂದರೆ ಭಾರ ತಲೆಯ ಕಡೆ; ಕಡಿಮೆಯಾದರೆ ಹೆಡ್ ಲೈಟ್, ಅಂದರೆ ಭಾರ ಹಿಡಿಯ ಕಡೆ. ಹೆಡ್ ಹೆವಿ ಮೇಲಿಂದ ಕೆಳಕ್ಕೆ ಜೋರಾಗಿ ಬಡಿಯುವ ಸ್ಮ್ಯಾಶ್‌ಗೆ ಜೊತೆ ಕೊಡುತ್ತದೆ, ಆದರೆ ಎದುರಿನಿಂದ ಸ್ಮ್ಯಾಶ್ ಬಂದಾಗ ಮೇಲೇಳಲು ತಡ ಮಾಡುತ್ತದೆ. ಅಭ್ಯಾಸದಲ್ಲಿ ಎಲ್ಲ ಹೊಡೆತವನ್ನೂ ಕಲಿಯಬೇಕು, ಹಾಗಾಗಿ ನನ್ನ ಓಟು ಸಮತೂಕಕ್ಕೆ.

ಶಾಫ್ಟ್ ಬಗ್ಗಬೇಕೇ?

ಹಿಡಿಗೂ ತಲೆಗೂ ನಡುವಿನ ತೆಳು ಕೋಲೇ ಶಾಫ್ಟ್. ಬೀಸು ನಿಧಾನವಾಗಿದ್ದರೆ ಬಗ್ಗುವ ಶಾಫ್ಟ್ ಸಹಾಯ ಮಾಡುತ್ತದೆ. ಬಾಗಿ ಮರಳುವಾಗ ಶಟಲ್‌ಗೆ ಒಂದಿಷ್ಟು ತಳ್ಳು ಸಿಗುತ್ತದೆ. ಗಡಸು ಶಾಫ್ಟ್ ವೇಗದ ಕೈಗೆ ನಿಖರತೆ ಕೊಡುತ್ತದೆ, ನಿಧಾನದ ಕೈಗೆ ಏನೂ ಕೊಡುವುದಿಲ್ಲ. ಯಾವುದು ಸರಿ ಎಂದು ತಿಳಿಯಲು ಕೋರ್ಟೇ ಸಾಕು. ಅದರ ಉದ್ದ 13.40 ಮೀಟರ್. ನಿಮ್ಮ ಹಿಂದಿನ ಗೆರೆಯಿಂದ ಎದುರಿನ ಹಿಂದಿನ ಗೆರೆಗೆ ಹತ್ತು ಕ್ಲಿಯರ್, ಅಂದರೆ ಎತ್ತರಕ್ಕೆ ಹೋಗಿ ಹಿಂದೆ ಬೀಳುವ ಹೊಡೆತ, ಹೊಡೆಯಿರಿ. ಎಂಟಾದರೂ ಕಷ್ಟಪಡದೆ ಮುಟ್ಟದಿದ್ದರೆ ಗಡಸು ಶಾಫ್ಟ್ ಸದ್ಯಕ್ಕೆ ಬೇಡ. ಟಿವಿಯಲ್ಲಿ ನೋಡಿದ ಚಾಂಪಿಯನ್ ಆಡುವ ರ‍್ಯಾಕೆಟ್ ಕೊಂಡವರು ಎಡವುವುದು ಹೆಚ್ಚಾಗಿ ಇಲ್ಲಿಯೇ.

ಉದ್ದ, ಅಗಲದ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ನಿಯಮದ ಪ್ರಕಾರ ಉದ್ದ 680 ಮಿಲಿಮೀಟರ್, ಅಗಲ 230 ಮಿಲಿಮೀಟರ್ ಮೀರುವಂತಿಲ್ಲ, ಅಷ್ಟೇ. ಚಿಕ್ಕ ಮಕ್ಕಳಿಗೆ ಮಾತ್ರ ಗಿಡ್ಡ ರ‍್ಯಾಕೆಟ್ ಕೊಡಿ. ದಿನವೂ ಆಡುವವರು ಗ್ರಾಫೈಟ್‌ನದ್ದನ್ನೇ ತೆಗೆದುಕೊಳ್ಳಿ. ಉಕ್ಕಿನದು ಮನೆಯಂಗಳಕ್ಕೆ ಸರಿ.

ಗಟ್ ಮರೆಯಬೇಡಿ

ಶಟಲ್ ತಾಗುವುದು ಗಟ್‌ಗೆ, ಅಂದರೆ ತಲೆಗೆ ಹೆಣೆದ ದಾರಕ್ಕೆ. ಆದರೂ ಫ್ರೇಮ್‌ಗೆ ಸುರಿದಷ್ಟು ಯೋಚನೆಯನ್ನು ಅದಕ್ಕೆ ಯಾರೂ ಕೊಡುವುದಿಲ್ಲ. ‘ಯಾವುದೋ ಒಂದು ಹಾಕಿ’ ಎಂದು ಬಿಟ್ಟುಬಿಡುತ್ತಾರೆ. ಕೇಳಬೇಕಾದ್ದು ಎರಡು: ಎಷ್ಟು ಬಿಗಿ, ಎಷ್ಟು ದಪ್ಪ.

ಬಿಗಿ ಹೆಚ್ಚಾದಷ್ಟೂ ಗಟ್‌ನಲ್ಲಿ ಸರಿಯಾಗಿ ಸಿಡಿಯುವ ಜಾಗ ಚಿಕ್ಕದಾಗುತ್ತದೆ, ಪುಟಿತವೂ ಕಡಿಮೆ. ಹೊಡೆತ ಪ್ರತಿಸಲ ನಡುಮಧ್ಯಕ್ಕೆ ಬೀಳುವವರಿಗೆ ಅದು ಸೊಗಸು, ಉಳಿದವರಿಗೆ ಶಿಕ್ಷೆ. ದೊಡ್ಡ ಆಟಗಾರರು 28, 30 ಪೌಂಡ್ ಬಿಗಿ ಹಾಕಿಸುತ್ತಾರೆ. ಕಲಿಯುವವರಿಗೆ 20ರಿಂದ 23 ಪೌಂಡ್ ಸಾಕು. ನಾನೂ ಒಮ್ಮೆ ಜಂಬಕ್ಕೆ 27 ಹಾಕಿಸಿದ್ದೆ. ಸದ್ದು ಪಟಾಕಿಯ ಹಾಗಿತ್ತು, ಶಟಲ್ ಮಾತ್ರ ಅರ್ಧಕ್ಕೇ ಬೀಳುತ್ತಿತ್ತು. ಮೊಣಕೈ ನೋವು ಮೂರು ವಾರ ಬಿಡಲಿಲ್ಲ. ಫ್ರೇಮ್ ಎಷ್ಟು ಪೌಂಡ್ ತಡೆಯುತ್ತದೆ ಎಂದು ರ‍್ಯಾಕೆಟ್ ಮೇಲೆಯೇ ಸಾಮಾನ್ಯವಾಗಿ ಬರೆದಿರುತ್ತದೆ. ಅದನ್ನು ದಾಟಬೇಡಿ.

ದಪ್ಪದಲ್ಲಿ 0.70 ಮಿಲಿಮೀಟರ್ ಗಟ್ ಜಾಸ್ತಿ ದಿನ ಬಾಳುತ್ತದೆ. 0.65ರ ಸುತ್ತಿನದು ಚೆನ್ನಾಗಿ ಪುಟಿಯುತ್ತದೆ, ಬೇಗ ಹರಿಯುತ್ತದೆ. ಅಭ್ಯಾಸಕ್ಕೆ ದಪ್ಪದ್ದೇ ಸರಿ. ಒಂದು ಎಳೆ ಹರಿದರೆ ಉಳಿದವನ್ನೂ ಕೂಡಲೇ ನಡುವಿನಿಂದ ಕತ್ತರಿಸಿಬಿಡಿ. ಹಾಗೇ ಬಿಟ್ಟರೆ ಒಂದು ಕಡೆಯ ಎಳೆತಕ್ಕೆ ಫ್ರೇಮ್ ಸೊಟ್ಟಗಾಗಬಹುದು. ಹರಿಯದಿದ್ದರೂ ತಿಂಗಳುಗಳು ಕಳೆದಂತೆ ಗಟ್ ಸಡಿಲವಾಗುತ್ತದೆ. ‘ಟಕ್’ ಎನ್ನುತ್ತಿದ್ದದ್ದು ‘ಡಬ್’ ಎನ್ನತೊಡಗಿದರೆ ಬದಲಿಸುವ ಹೊತ್ತು ಬಂತು.

ಕೊಳ್ಳುವ ಮುಂಚೆ

ಜೊತೆಯವರ ರ‍್ಯಾಕೆಟ್ ಕೇಳಿ ಪಡೆದು ಆಡಿ. ಅಭ್ಯಾಸದ ಶುರುವಿನಲ್ಲಿ ಬೇಡ, ಕೊನೆಯ ಹತ್ತು ನಿಮಿಷಕ್ಕೆ ಇಟ್ಟುಕೊಳ್ಳಿ. ಮೊದಲು ಕ್ಲಿಯರ್, ಆಮೇಲೆ ನೆಟ್ ಹತ್ತಿರದ ಮೆಲುಹೊಡೆತ, ಕೊನೆಗೆ ಯಾರಾದರೂ ಸ್ಮ್ಯಾಶ್ ಹೊಡೆಯಲಿ, ನೀವು ಎತ್ತಿ. ಮೂರರಲ್ಲೂ ರ‍್ಯಾಕೆಟ್ ಕಡೆ ಗಮನವೇ ಹೋಗದಿದ್ದರೆ ಅದೇ ನಿಮ್ಮದು. ಸಾಧ್ಯವಾದರೆ ಅಂಥದ್ದೇ ಎರಡು ಇಟ್ಟುಕೊಳ್ಳಿ, ತೂಕ, ಹಿಡಿ, ಪೌಂಡ್ ಎಲ್ಲ ಒಂದೇ ಇರಲಿ. ಗಟ್ ಹರಿಯುವುದು ಯಾವಾಗಲೂ ಆಟ ಕುದುರಿದಾಗಲೇ.